ಬೆಳೆದವರ ತಟ್ಟೆಯಲ್ಲಿ ಹೂಕೋಸು

ಈ ವರ್ಷ ಒಂಬತ್ತನೆಯ ತರಗತಿಯವರಿಗೆ ‘ನಮ್ಮ ಮನೆಯ ಅಡಿಗೆ’ ಎಂಬ ವಿಷಯವಾಗಿ ಪ್ರಬಂಧ ಬರೆಯಲು ಹೇಳಿದ್ದೆ. ಮುದ್ದೆ, ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು ಎಲ್ಲವೂ ಬಂದುವು. ಹೂಕೋಸು ಮಾತ್ರ ಯಾರ ಮನೆಯ ಒಲೆಯ ಮೇಲೂ ಇರಲಿಲ್ಲ. ಎರಡು ಪ್ರಬಂಧಗಳಲ್ಲಿ ಅದರ ಹೆಸರು ಬಂದಿತ್ತು; ಅದೂ ಜಾತ್ರೆಯಲ್ಲಿ ಗಾಡಿಯ ಮುಂದೆ ನಿಂತು ತಿಂದ ಗೋಬಿ ಮಂಚೂರಿಯಾಗಿ! ಎಲೆಕೋಸು, ಹೂಕೋಸು, ಆಲೂಗಡ್ಡೆ, ಟೊಮ್ಯಾಟೊ ಬೆಳೆಯುವ ನಮ್ಮ ತಾಳವಾಡಿ ಸೀಮೆಯ ಮಕ್ಕಳು ಬರೆದ ಪ್ರಬಂಧಗಳಿವು. ಏಕೆ ಹೀಗೆ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಔಷಧಿ ಹೊಡೆದೋರು ನಾವೇ ಅಲ್ವಾ ಸಾರ್, ಅದನ್ನ ಮನೆಗೆ ತರಬ್ಯಾಡ ಅಂತಾರೆ ನಮ್ಮವ್ವ” ಎಂದ.

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ನಮ್ಮ ತಟ್ಟೆಗೆ ಬೇಡವಾದದ್ದು ಲಾರಿ ಹತ್ತಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಯಾರದೋ ಮನೆಯ ಮಗುವಿನ ತಟ್ಟೆಗೆ ಹೋಗುತ್ತದೆ. ಇದು ಸರಿಯೆ? ಬೆಳೆದವನು ತಾನು ಬೆಳೆದದ್ದನ್ನು ತಾನೂ ತಿನ್ನಬೇಕು, ತಿನ್ನುವಂತೆಯೇ ಬೆಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಬರಿಯ ನೀತಿಮಾತಾಗಿ ಬಿಡದೆ, ಹೂಕೋಸನ್ನು ಬೇಯಿಸಿ ಮಸೆಯುವ ಒಂದು ಸಣ್ಣ ಅಡಿಗೆಯ ಮೂಲಕ ಹೇಳಬಯಸುತ್ತೇನೆ.

ಹೂಕೋಸು ನಮ್ಮ ನೆಲದ ಹಳೆಯ ತರಕಾರಿಯಲ್ಲ. ಮೆಡಿಟರೇನಿಯನ್ ಸಮುದ್ರದ ತೀರದಿಂದ ಯುರೋಪಿಗೆ ಹಬ್ಬಿ, 1822ರಲ್ಲಿ ಇಂಗ್ಲೆಂಡಿನಿಂದ ಉತ್ತರ ಭಾರತದ ಸಹಾರನಪುರಕ್ಕೆ ಬಂದದ್ದು. ಹಾಗಾಗಿ ಸೊಪ್ಪು, ಕಾಳುಗಳಿಗೆ ಇರುವಂತೆ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಪಾಕಕ್ರಮ ನಮ್ಮಲ್ಲಿ ಇದಕ್ಕಿಲ್ಲ. ಆ ಹುಡುಗನ ಮಾತು ಕೇಳಿದ ವಾರವೇ ನಾನು ಅಡಿಗೆಮನೆ ಹೊಕ್ಕೆ. ದೊಡ್ಡ ಪಾತ್ರೆಯ ತುಂಬ ನೀರಿಟ್ಟು, ಹೂಕೋಸನ್ನು ಅರ್ಧ ಗಂಟೆ ಕುದಿಸಿ, ಸೌಟಿನಿಂದ ಹಿಸುಕಿದೆ. ಆದದ್ದು ಅಂಬಲಿ! ಮನೆಯೆಲ್ಲ ಒಂದು ಬಗೆಯ ವಾಸನೆ ಬೇರೆ. ನಮ್ಮ ತಾಯಿ ನೋಡಿ, “ಯಾಕ್ಲಾ ಮಗ, ಸೊಪ್ಪು ಮಸಿಯೋಕೆ ಮುಂಚೆ ಕಟ್ಟು ಬಸಿಯಲ್ವಾ? ಹೂಕೋಸಿಗೆ ಬೇರೆ ನ್ಯಾಯವಾ?” ಎಂದರು.

ಅವರ ಆ ಒಂದು ಮಾತಿನಲ್ಲಿ ಇಡೀ ಪಾಠವಿತ್ತು. ಹೂಕೋಸಿನಲ್ಲಿ ನೂರಕ್ಕೆ ಸುಮಾರು 92 ಪಾಲು ನೀರೇ. ಆಲೂಗಡ್ಡೆಯಲ್ಲಿರುವಂತೆ ಹಿಡಿದು ನಿಲ್ಲಿಸುವ ಪಿಷ್ಟ ಅದರಲ್ಲಿ ಬಹಳ ಕಡಮೆ. ಆದುದರಿಂದ ಅದಕ್ಕೆ ಇನ್ನೂ ನೀರು ಕುಡಿಸಬಾರದು. ಹೆಚ್ಚು ಹೊತ್ತು ಬೆಂದಷ್ಟೂ ಅದರಲ್ಲಿರುವ ಗಂಧಕದ ಸಂಯುಕ್ತಗಳು ಒಡೆದು ವಾಸನೆ ಏಳುತ್ತದೆ. ಅದರಲ್ಲಿರುವ ಸಿ ಜೀವಸತ್ವವೂ ನೀರಿನಲ್ಲಿ ಕರಗಿ ಹೋಗುತ್ತದೆ.

ಈಗ ನಮ್ಮ ಮನೆಯಲ್ಲಿ ಮಾಡುವ ಕ್ರಮ ಹೀಗೆ. ಹದ ಗಾತ್ರದ ಒಂದು ಹೂಕೋಸು, ಒಂದು ಚಿಕ್ಕ ಆಲೂಗಡ್ಡೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಬೆಣ್ಣೆ ಅಥವಾ ತುಪ್ಪ, ಉಪ್ಪು, ಮೆಣಸಿನ ಪುಡಿ. ಹೂವನ್ನು ಬಿಡಿಸಿ, ಉಪ್ಪು, ಅರಿಸಿನ ಹಾಕಿದ ಬೆಚ್ಚನೆಯ ನೀರಿನಲ್ಲಿ 10 ನಿಮಿಷ ಬಿಡಬೇಕು, ಹುಳುವಿದ್ದರೆ ಹೊರಬರುತ್ತದೆ. ದಂಟನ್ನು ಎಸೆಯದೆ ಸಣ್ಣಗೆ ಹೆಚ್ಚಿಕೊಳ್ಳಬೇಕು. ತೊಳೆದ ಹೂವು, ದಂಟು, ತೆಳ್ಳಗೆ ಹೆಚ್ಚಿದ ಆಲೂಗಡ್ಡೆ, ಬೆಳ್ಳುಳ್ಳಿ ಎಲ್ಲವನ್ನೂ ಇಡ್ಲಿ ಪಾತ್ರೆಯ ಹಬೆಯಲ್ಲಿ 12ರಿಂದ 15 ನಿಮಿಷ ಬೇಯಿಸಬೇಕು. ಚಾಕು ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಮುಖ್ಯವಾದ ಕೆಲಸ ಇನ್ನು ಮುಂದಿನದು: ಬೆಂದದ್ದನ್ನು ಒಣಗಿದ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಮೆಲ್ಲಗೆ ಕೈಯಾಡಿಸಿ ತೇವವನ್ನು ಹೋಗಲಾಡಿಸಬೇಕು. ಬಿಸಿಯಿರುವಾಗಲೇ ಕಡಗೋಲಿನಿಂದ ಮಸೆದು, ಬೆಣ್ಣೆ, ಉಪ್ಪು, ಮೆಣಸಿನ ಪುಡಿ ಕೂಡಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಮಿಕ್ಸಿಗೆ ಹಾಕಿದರೆ ಆಲೂಗಡ್ಡೆ ಅಂಟಂಟಾಗುತ್ತದೆ. ಕೈಯಲ್ಲೇ ಮಸೆಯುವುದು ಮೇಲು. ರಾಗಿರೊಟ್ಟಿಗೂ ಚಪಾತಿಗೂ ಇದು ಬಲು ಸೊಗಸು. ಒಳಗಿನ ಎಳೆಯ ಎಲೆಗಳು ಮಾರನೆಯ ದಿನ ಪಲ್ಯಕ್ಕಾಗುತ್ತವೆ.

ಕನ್ನಡ ಮೇಷ್ಟ್ರಾಗಿ ಇಲ್ಲೊಂದು ಮಾತು. ಕೈಯಿಂದಾದರೆ ಕಿವುಚುವುದು, ಒತ್ತಿ ಹಿಡಿದರೆ ಹಿಸುಕುವುದು, ಕಡಗೋಲಿನಿಂದಾದರೆ ಮಸೆಯುವುದು, ಕಲ್ಲಿನಲ್ಲಾದರೆ ಅರೆಯುವುದು, ಒರಳಿನಲ್ಲಾದರೆ ಕುಟ್ಟುವುದು. ಇಷ್ಟು ಮಾತುಗಳನ್ನು ನಾನು ನಿಘಂಟಿನಿಂದ ಕಲಿಯಲಿಲ್ಲ. ತಾಯಿಯ ಒಲೆಯ ಪಕ್ಕದಲ್ಲಿ ಕುಳಿತು ಕಲಿತೆ. ತಮಿಳುನಾಡಿನ ಈ ಬೆಟ್ಟದ ಮೇಲೆ ನಮ್ಮ ಕನ್ನಡ ಉಳಿದಿರುವುದು ಶಾಲೆಯಲ್ಲಿ ಮಾತ್ರವಲ್ಲ, ಅಡಿಗೆಮನೆಯಲ್ಲಿ ಕೂಡ. ಗಂಡುಮಕ್ಕಳೂ ಅಲ್ಲಿ ಕೂರಲಿ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಇನ್ನು ಆ ಹುಡುಗನ ತಾಯಿಯ ಭಯಕ್ಕೆ ಬರೋಣ. ಆ ಭಯ ಸುಳ್ಳಲ್ಲ. ಅರಿಸಿನದ ನೀರು ಹುಳುವನ್ನು ತೆಗೆದೀತು. ಗಿಡಕ್ಕೆ ಹೊಡೆದ ವಿಷವನ್ನೆಲ್ಲ ತೆಗೆಯಲಾರದು. ಆದುದರಿಂದ ಒಳ್ಳೆಯ ಅಡಿಗೆ ಹೊಲದಲ್ಲೇ ಮೊದಲಾಗಬೇಕು. ಔಷಧಿ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂಬ ಸೂಚನೆಯನ್ನು ಅದರ ಜೊತೆಯ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಓದು ಬಲ್ಲ ಮಕ್ಕಳು ಅದನ್ನು ಅಪ್ಪನಿಗೆ ಓದಿ ಹೇಳಲಿ. ಎಲೆಕೋಸಿನ 25 ಸಾಲಿಗೆ ಜೋಡಿ ಸಾಲು ಸಾಸಿವೆ ಬಿತ್ತಿ ಹುಳುವನ್ನು ಅತ್ತ ಸೆಳೆಯುವ ಉಪಾಯವನ್ನು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎಂದೋ ತೋರಿಸಿಕೊಟ್ಟಿದ್ದಾರೆ. ಬೇವಿನ ಬೀಜದ ಕಷಾಯವೂ ಇದೆ. ಹೋಗಲಿ, ಹೊಲದ ಬದುವಿನ ಬಳಿ ಹತ್ತು ಗಿಡಗಳನ್ನಾದರೂ ವಿಷ ಹೊಡೆಯದೆ ಬೆಳೆದು ನೋಡಿ.

“ಬೆಲೆಯೇ ಇಲ್ಲದಾಗ ಇದೆಲ್ಲ ಯಾರಿಗೆ ಬೇಕು ಮೇಷ್ಟ್ರೆ?” ಎಂದು ಪೋಷಕರು ಕೇಳಬಹುದು. ಬೆಲೆ ಬಿದ್ದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಬೆಳೆ ಹೊಲದಲ್ಲೇ ಕೊಳೆಯುವುದನ್ನು ನಾನೂ ಕಂಡಿದ್ದೇನೆ. ಒಂದು ಅಡಿಗೆಯಿಂದ ಮಾರುಕಟ್ಟೆ ಸರಿಹೋಗದು, ನಿಜ. ಆದರೆ ನಮ್ಮದೇ ಹೂಕೋಸು ಹೊಲದಲ್ಲಿ ಕೊಳೆಯುತ್ತಿರುವಾಗ, ನಮ್ಮ ಮಕ್ಕಳು ದುಡ್ಡು ಕೊಟ್ಟು ಕೆಂಪು ಬಣ್ಣದ ಗೋಬಿ ತಿನ್ನುವುದು ಯಾವ ಲೆಕ್ಕ? ಆ ಬಣ್ಣದಲ್ಲಿ ಕೆಡುಕಿದೆಯೆಂದೇ ಕರ್ನಾಟಕ ಸರ್ಕಾರವು 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು.

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಹಿರಿಯರ ಗಾದೆ. ಕೈ ನಮ್ಮದು, ಬಾಯಿ ಮಾತ್ರ ಬೇರೆಯವರದು ಎಂದಾಗಬಾರದು; ಆ ಬೇರೆಯವರ ಬಾಯಿಗೆ ವಿಷವೂ ಬೀಳಬಾರದು. ಮುಂದಿನ ವರ್ಷವೂ ಇದೇ ವಿಷಯದ ಮೇಲೆ ಪ್ರಬಂಧ ಕೊಡುತ್ತೇನೆ. ಆಗ ಒಂದಾದರೂ ಮನೆಯ ಒಲೆಯ ಮೇಲೆ, ತಮ್ಮ ಹೊಲದ್ದೇ ಹೂಕೋಸು ಬೇಯುತ್ತಿರಲಿ.