ಬೈಕಿಗೆ ಮುಂದಿನ ಸಾಲು ಕೊಟ್ಟು ನೋಡಿ

ಸಿಗ್ನಲ್‌ನಲ್ಲಿ ಕಾರಿನೊಳಗೆ ಕೂತವರ ಮೊದಲ ಬೈಗುಳ ಬೈಕಿನವರಿಗೇ ಮೀಸಲು. ‘ಎಲ್ಲಿಂದ ನುಗ್ಗಿದ ನೋಡು!’ ನುಗ್ಗುವುದೇನೋ ನಿಜ. ಎರಡು ಕಾರುಗಳ ನಡುವಿನ ಮೊಳದಗಲ ಸಂದಿಯಲ್ಲಿ ಹ್ಯಾಂಡಲ್ ಅತ್ತಿತ್ತ ಹೊರಳಿಸುತ್ತ, ಎರಡೂ ಕಾಲು ನೆಲಕ್ಕೆ ತಾಗಿಸಿ ತಳ್ಳಿಕೊಂಡು, ಯಾರದೋ ಸೈಡ್ ಮಿರರ್ ಸವರಿಕೊಂಡು ಮುಂದೆ ಬಂದು ಜೀಬ್ರಾ ಪಟ್ಟಿಯ ಮೇಲೆ ನಿಲ್ಲುತ್ತಾರೆ. ನೋಡಲು ಅಸಹ್ಯ, ಒಪ್ಪೋಣ. ಆದರೆ ಇದರಿಂದ ಕಾರಿನವರಿಗೆ ಎಷ್ಟು ತಡವಾಯಿತು ಎಂದು ಕೇಳಿದರೆ ಉತ್ತರ ಬೇರೆಯೇ ಇದೆ.

ರಸ್ತೆ ಎಂಜಿನಿಯರುಗಳು ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸಿ ಎಣಿಸುತ್ತಾರೆ. ಆ ಅಳತೆಗೆ ಪಿಸಿಯು ಎಂದು ಹೆಸರು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಕೈಪಿಡಿಯ ಪ್ರಕಾರ, ದ್ವಿಚಕ್ರ ವಾಹನಗಳು ಶೇ 10ರ ಮೇಲಿರುವ ನಗರದ ರಸ್ತೆಯಲ್ಲಿ ಒಂದು ಬೈಕ್ ಎಂದರೆ ಮುಕ್ಕಾಲು ಕಾರು. 2017ರ ಇಂಡೋ-ಎಚ್‌ಸಿಎಂ ಕೈಪಿಡಿ ಸಿಗ್ನಲ್ ಇರುವ ಜಂಕ್ಷನ್ನಿಗೆ ಪ್ರತ್ಯೇಕ ಲೆಕ್ಕ ಕೊಟ್ಟಿತು: ಅಲ್ಲಿ ಒಂದು ಬೈಕ್ ಬರೀ 0.4 ಕಾರು. ಅಂದರೆ ಓಡುವ ರಸ್ತೆಯಲ್ಲಿ 75 ಕಾರಿನ ಜಾಗ ತಿನ್ನುವ 100 ಬೈಕುಗಳು ಸಿಗ್ನಲ್‌ನಲ್ಲಿ 40 ಕಾರಿನಷ್ಟಕ್ಕೇ ಮುಗಿಯುತ್ತವೆ.

ಕಾರಣ ಆ ನುಗ್ಗಾಟವೇ. ಹೇಗೂ ಖಾಲಿ ಬಿದ್ದಿದ್ದ ಸಂದಿಗಳಲ್ಲಿ ಬೈಕುಗಳು ತುಂಬಿಕೊಳ್ಳುತ್ತವೆ, ಹಸಿರು ಬಿದ್ದೊಡನೆ ಒಂದರ ಹಿಂದೆ ಒಂದಲ್ಲ, ಅಕ್ಕಪಕ್ಕ ಒಟ್ಟಿಗೇ ಹೊರಡುತ್ತವೆ. ಮುಂದಿನ ಕಾರಿನವರು ಮೊಬೈಲಿನಿಂದ ತಲೆ ಎತ್ತಿ, ಗೇರ್ ಹಾಕಿ, ಕ್ಲಚ್ ಬಿಡುವಷ್ಟರಲ್ಲಿ ಅರ್ಧ ಹಿಂಡು ಆಚೆ ದಾಟಿರುತ್ತದೆ. ಆಮೇಲೆ ಕಾರುಗಳು ಸುಮಾರು ಎರಡೆರಡು ಸೆಕೆಂಡಿಗೆ ಒಂದರಂತೆ ಹೊರಡುತ್ತವೆ.

ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ, ಮೂರರಲ್ಲಿ ಎರಡು ದ್ವಿಚಕ್ರ. ಇವರೆಲ್ಲ ಶಿಸ್ತಿನಿಂದ ಕಾರಿನ ಹಿಂದೆ ಒಬ್ಬೊಬ್ಬರಾಗಿ ನಿಂತರೆ ಡೇರಿ ಸರ್ಕಲ್‌ನ ಸಾಲು ಎಲ್ಲಿಗೆ ಮುಟ್ಟೀತು? ಬೆಲ್ಜಿಯಂನ ಲೂವೆನ್–ಬ್ರಸೆಲ್ಸ್ ಹೆದ್ದಾರಿಯ ಬಗ್ಗೆ 2011ರಲ್ಲಿ ಒಂದು ಅಧ್ಯಯನ ನಡೆದಿತ್ತು. ಶೇ 10ರಷ್ಟು ಕಾರಿನವರು ಬೈಕ್ ಹತ್ತಿದರೆ ದಟ್ಟಣೆಯಲ್ಲಿ ಪೋಲಾಗುವ ಸಮಯ ಶೇ 40ರಷ್ಟು ಇಳಿಯುತ್ತದೆ ಎಂದು ಅದು ಲೆಕ್ಕ ಹಾಕಿತ್ತು. ಹೆದ್ದಾರಿ ಬೇರೆ, ನಮ್ಮ ಸರ್ಕಲ್ ಬೇರೆ, ಸರಿ. ಆದರೆ ನಾವು ಹೆದರಬೇಕಾದದ್ದು ಉಲ್ಟಾ ಪ್ರಯಾಣಕ್ಕೆ: ಮಳೆ, ಹೊಗೆ, ಬೈಗುಳ ಸಾಕಾಗಿ ಈ ಬೈಕಿನವರು ಇಎಂಐ ಮೇಲೆ ಕಾರು ತಗೊಳ್ಳುವ ದಿನಕ್ಕೆ.

ಹಾಗಂತ ಬೈಕಿನವರಿಗೆ ಹಾರ ಹಾಕಬೇಕಿಲ್ಲ. ಅವರಿಂದ ಆಗುವ ಕೆಡುಕು ನಿಂತ ಜಾಗದಲ್ಲಿದೆ. ಬಲಕ್ಕೆ ತಿರುಗಬೇಕಾದವನು ಸಂದಿ ಸಿಕ್ಕಿತೆಂದು ಎಡ ತುದಿಗೆ ಬಂದು ನಿಂತಿರುತ್ತಾನೆ. ಹಸಿರು ಬಿದ್ದಾಗ ಇಂಡಿಕೇಟರ್ ಹಾಕಿದರೆ ಹಾಕಿದ, ಇಲ್ಲದಿದ್ದರೆ ಇಲ್ಲ, ಎಲ್ಲರ ಮೂಗಿನ ಮುಂದೆ ಅಡ್ಡ ಹಾಯುತ್ತಾನೆ. ಮುಂದಿನ ಎರಡು ಕಾರು ಬ್ರೇಕ್ ಹಾಕುತ್ತವೆ, ಹಿಂದಿನ ಬಸ್ ಅಲ್ಲೇ ಉಳಿಯುತ್ತದೆ, ಮೂವತ್ತು ಸೆಕೆಂಡಿನ ಹಸಿರಿನಲ್ಲಿ ನಾಲ್ಕೈದು ಸೆಕೆಂಡು ಗಾಳಿಗೆ. ಫ್ರೀ ಲೆಫ್ಟ್ ಬಾಯಿಗೆ ಅಡ್ಡ ನಿಲ್ಲುವವರು ಇನ್ನೊಂದು ಜಾತಿ. ಎಲ್ಲಕ್ಕಿಂತ ಕೆಟ್ಟದ್ದು ಡಿವೈಡರ್ ಇಲ್ಲದ ರಸ್ತೆ. ಬೈಕುಗಳು ಉಕ್ಕಿ ಎದುರು ಬದಿಗೂ ಹರಡುತ್ತವೆ, ಆ ಕಡೆಯಿಂದ ಬಂದ ವಾಹನಗಳು ಒಳಗೆ ಹೋಗಲು ದಾರಿಯಿಲ್ಲದೆ ಜಂಕ್ಷನ್ ನಡುವೆಯೇ ನಿಲ್ಲುತ್ತವೆ. ಒಂದು ಬದಿಯ ಆತುರಕ್ಕೆ ನಾಲ್ಕೂ ಬದಿ ಜಾಮ್. ಇನ್ನು ಹಸಿರಿಗೆ ಮೊದಲೇ ಜಿಗಿಯುವವರು ಗಳಿಸುವುದು ಮುಂದಿನ ಸಿಗ್ನಲ್‌ನಲ್ಲಿ ಒಂದಿಷ್ಟು ಹೆಚ್ಚು ಹೊತ್ತು ಕಾಯುವ ಸೌಭಾಗ್ಯ.

ಅಗ್ಗದ ಮದ್ದು ಉಂಟು. ಕಾರು, ಬಸ್ಸುಗಳ ಸ್ಟಾಪ್ ಲೈನನ್ನು ನಾಲ್ಕೈದು ಮೀಟರ್ ಹಿಂದಕ್ಕೆ ಸರಿಸಿ, ಅದಕ್ಕೂ ಜೀಬ್ರಾಕ್ಕೂ ನಡುವೆ ಬೈಕುಗಳಿಗೇ ಒಂದು ಚೌಕ ಬರೆಯುವುದು. ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ ಇಂಥ ಕೆಂಪು ಚೌಕಗಳಿವೆ, ಅಲ್ಲಿಯೂ ನಮ್ಮಂತೆ ಎಡಗಡೆಯೇ ಓಡಾಟ. ಬಾರ್ಸಿಲೋನಾದಲ್ಲೂ ಇವೆ. ತೈವಾನ್ ಇನ್ನೊಂದು ಹೆಜ್ಜೆ ಮುಂದೆ: ಬಲಗಡೆ ಓಡಿಸುವ ಆ ದೇಶದಲ್ಲಿ ಅನೇಕ ಜಂಕ್ಷನ್‌ಗಳಲ್ಲಿ ಎಡಕ್ಕೆ ತಿರುಗಬೇಕಾದ ಸ್ಕೂಟರ್ ಮೊದಲು ನೇರ ಹೋಗಿ, ಆಚೆ ಬದಿಯ ಚೌಕದಲ್ಲಿ ನಿಂತು, ಅಡ್ಡರಸ್ತೆಗೆ ಹಸಿರು ಬಿದ್ದಾಗ ಅಲ್ಲಿನ ವಾಹನಗಳ ಜೊತೆ ಹೊರಡುತ್ತದೆ. ನಮ್ಮಲ್ಲಿ ಇದನ್ನು ಬಲ ತಿರುವಿಗೆ ಅನ್ವಯಿಸಿದರೆ ಅಡ್ಡ ಹಾಯುವ ರೋಗವೇ ಹೋಗುತ್ತದೆ. ಜೊತೆಗೆ, ಯಾರೂ ಕೇಳದಿದ್ದ ಪಾದಚಾರಿಗೆ ಅವನ ಜೀಬ್ರಾ ವಾಪಸ್ ಸಿಗುತ್ತದೆ.

ಎಲ್ಲ ಕಡೆ ನಡೆಯುವುದಿಲ್ಲ. ಕೆಂಪು ಸಾಕಷ್ಟು ಹೊತ್ತು ಇರಬೇಕು, ಇಲ್ಲದಿದ್ದರೆ ಚೌಕ ತುಂಬುವುದೇ ಇಲ್ಲ. ಬೈಕುಗಳು ಮುಂದೆ ತಲುಪಲು ಎಡಬದಿಯಲ್ಲಿ ಒಂದು ಓಣಿ ಬೇಕು, ಅಲ್ಲಿ ಆಟೊ ನಿಲ್ಲಿಸಿ ಗಿರಾಕಿ ಕಾಯುವಂತಿಲ್ಲ. ನೃಪತುಂಗ ರಸ್ತೆಯಂಥ ಅಗಲದ ಏಕಮುಖ ರಸ್ತೆಗಳಲ್ಲಿ ಶುರು ಮಾಡಬಹುದು, ಎದುರು ಬದಿಗೆ ಉಕ್ಕುವ ಪ್ರಶ್ನೆಯೇ ಅಲ್ಲಿಲ್ಲ. ಬಣ್ಣ ಒಣಗಿದ ದಿನವೇ ಚೌಕದ ಮೇಲೆ ಮೊದಲು ಬಂದು ನಿಲ್ಲುವುದು ಒಂದು ಕಾರು, ಇದರಲ್ಲಿ ನನಗೆ ಅನುಮಾನವಿಲ್ಲ. ಹಾಗಾಗಿ ಮೊದಲ ತಿಂಗಳು ಅಲ್ಲಿ ಒಬ್ಬ ಕಾನ್‌ಸ್ಟೇಬಲ್ ಇರಲಿ, ಆಮೇಲೆ ಕ್ಯಾಮೆರಾ ದಂಡ ಹಾಕಲಿ, ಬೈಕಿನವನಿಗೆ ಹಾಕಿದಷ್ಟೇ ಕಾರಿನವನಿಗೂ.