ದಾರಿ ಯಾರದು, ಮಾಳ ಯಾರದು?

ಮಾಳ ಎಂದರೆ ಬಯಲು. ಮಡ್ಡಿ ಎಂದರೆ ನೇಗಿಲಿಗೆ ಬಗ್ಗದ ಗಟ್ಟಿ ನೆಲ. ಈ ಎರಡು ಮಾತುಗಳನ್ನು ಹೆಸರಿನಲ್ಲಿಯೇ ಹೊತ್ತಿರುವ ಧಾರವಾಡದ ಮಾಳಮಡ್ಡಿಯಲ್ಲಿ ಈಗ ಮನೆಗೆ ಮನೆ ತಾಗಿ ನಿಂತಿದೆ. ಒಂದು ಕಾಲಕ್ಕೆ ಬೇರೆ ಬೇರೆ ಹಳ್ಳಿಗಳಾಗಿದ್ದ ನವಲೂರು, ಸತ್ತೂರು, ರಾಯಾಪುರ, ಅಮರಗೋಳ, ಉಣಕಲ್ಲುಗಳೂ ಇಂದು ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಎಲ್ಲೆಯೊಳಗಿವೆ. ಹಳ್ಳಿಗಳು ನಗರದಲ್ಲಿ ಸೇರಿದವು. ಆದರೆ ಹಳೆಯ ಚಕ್ಕಡಿ ದಾರಿ, ದನ ಮೇಯುವ ಗಾಯರಾಣ, ಕೆರೆಯ ದಂಡೆ, ಗುಡಿಯ ಮುಂದಿನ ಬಯಲು ಇವು ಯಾರ ಸ್ವತ್ತು ಎಂಬ ಪ್ರಶ್ನೆ ಮಾತ್ರ ಬಗೆಹರಿಯದೆ ಉಳಿಯಿತು. ಇಂಥ ಊರಂಚಿನ ಓಣಿಗಳ ಸಂಘಗಳಲ್ಲಿ ಏಳುವ ತಕರಾರುಗಳ ಬೇರು ಇಲ್ಲಿಯೇ ಇದೆ.

ಈ ತಕರಾರುಗಳ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬನು ತನ್ನ ಮನೆಯ ಮೆಟ್ಟಿಲನ್ನು ಒಂದು ಮೊಳ ಮುಂದೆ ತರುತ್ತಾನೆ. ಎದುರು ಮನೆಯವನು ಕಟ್ಟೆ ಕಟ್ಟುತ್ತಾನೆ. ಮೂರನೆಯವನು ಗಟಾರದ ಮೇಲೆ ಹೂವಿನ ಗಿಡ ನೆಟ್ಟು ಬೇಲಿ ಹಾಕುತ್ತಾನೆ. ಸಂಘದ ಸಭೆ ಸೇರಿದಾಗ ಅಧ್ಯಕ್ಷರದೊಂದು ಪಕ್ಷ, ಕಾರ್ಯದರ್ಶಿಯದೊಂದು ಪಕ್ಷ. ಕೂಗಾಟದಲ್ಲಿ ಸಭೆ ಮುಗಿದು ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಒಂದು ಮೊಳದ ಸಲುವಾಗಿ ನೆರೆಹೊರೆಯವರು ಹತ್ತು ವರ್ಷ ಮಾತು ಬಿಟ್ಟಿರುವಾಗ, ಅತ್ತ ಓಣಿಯ ತುದಿಯಲ್ಲಿದ್ದ ಎರಡು ಎಕರೆ ಬಯಲಿಗೆ ಯಾರೋ ಕಾಂಪೌಂಡು ಕಟ್ಟಿ ಮುಗಿಸಿರುತ್ತಾರೆ. ಮೊಳಕ್ಕೆ ಬಡಿದಾಡಿದವರು ಎಕರೆಯನ್ನು ಕಳೆದುಕೊಳ್ಳುತ್ತಾರೆ.

ಆ ಸಭೆಯಲ್ಲಿ ಇಲ್ಲದವರು ಯಾರೆಂಬುದನ್ನೂ ನಮ್ಮ ಓದುಗರು ಗಮನಿಸಬೇಕು. ಇಂಥ ಸಂಘಗಳು ಬಹುಮಟ್ಟಿಗೆ ಜಾಗೆಯ ಮಾಲಕರ ಸಂಘಗಳು. ಬಾಡಿಗೆಯ ಖೋಲಿಯಲ್ಲಿರುವ ಗಿರಣಿ ಕೆಲಸಗಾರ, ಎರಡು ಎಮ್ಮೆ ಕಟ್ಟಿ ಹಾಲು ಮಾರುವ ಹೆಣ್ಣುಮಗಳು, ಕೈಗಾಡಿಯ ಕಾಯಿಪಲ್ಲೆ ವ್ಯಾಪಾರಿ ಇವರು ಅಲ್ಲಿ ಸದಸ್ಯರಲ್ಲ. ಆದರೆ ದಾರಿ ಹೆಚ್ಚು ಬೇಕಾದದ್ದು ಇವರಿಗೇ. ರಾತ್ರಿ ಪಾಳಿ ಮುಗಿಸಿ ನಡೆದು ಬರುವವನಿಗೆ ದಾರಿ ಬೇಕು. ಅಂಗಳವಿಲ್ಲದವನ ಮಕ್ಕಳಿಗೆ ಬಯಲು ಬೇಕು. ಅತಿಕ್ರಮಣದ ಮಾತು ಬಂದಾಗ ಮೊದಲು ಎತ್ತಿಸುವುದು ಕೈಗಾಡಿಯನ್ನು. ಬಂಗಲೆಯ ಬೇಲಿ ಇದ್ದಲ್ಲಿಯೇ ಇರುತ್ತದೆ. ಬೀದಿ ವ್ಯಾಪಾರಿಗಳ 2014ರ ಕಾಯದೆಯ ಪ್ರಕಾರ ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳಿಗೇ ಇರಬೇಕು. ಸಮೀಕ್ಷೆ ಮುಗಿಯುವ ಮುನ್ನ ಯಾರನ್ನೂ ಎಬ್ಬಿಸಕೂಡದು. ದೇಶದ ಕಾಯದೆ ಒಪ್ಪಿದ ಈ ನ್ಯಾಯವನ್ನು ಓಣಿಯ ಸಂಘ ಏಕೆ ಒಪ್ಪಬಾರದು?

ಸಾಮುದಾಯಿಕ ನೆಲವನ್ನು ಕೊಡಲು ಸಂಘಕ್ಕೂ ಹಕ್ಕಿಲ್ಲ, ಕೊಳ್ಳಲು ಸಾಹುಕಾರನಿಗೂ ಹಕ್ಕಿಲ್ಲ ಎಂಬುದು ನಮ್ಮ ನಿಲುವು. ಇದು ಬರಿಯ ಆದರ್ಶದ ಮಾತಲ್ಲ. ಹಳ್ಳಿಯಲ್ಲಿ ಪ್ರತಿ 100 ದನಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಮೇವಿನ ನೆಲ ಬಿಡಬೇಕೆಂದು ನಮ್ಮ ರಾಜ್ಯದ ಭೂಕಂದಾಯ ನಿಯಮವೇ ಹೇಳುತ್ತದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗೆಯನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಸಲ್ಲದೆಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪಿತ್ತಿತು. ಆ ವ್ಯಾಜ್ಯವನ್ನು ಹೂಡಿದವರು ಆ ಬಡಾವಣೆಯ ನಿವಾಸಿಗಳೇ. ಊರೊಟ್ಟಿನ ಭೂಮಿಯ ಅತಿಕ್ರಮಣವನ್ನು ತೆರವುಗೊಳಿಸಲು ಯೋಜನೆ ಹಾಕಿಕೊಳ್ಳಬೇಕೆಂದು ಅದೇ ಕೋರ್ಟು 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೆ ಆಜ್ಞೆ ಮಾಡಿತು. ಆಜ್ಞೆ ಕಾಗದದಲ್ಲಿದೆ, ಅದನ್ನು ನೆಲಕ್ಕಿಳಿಸಬೇಕಾದವರು ಜನ.

ಜನ ಒಂದಾದರೆ ಏನಾಗುತ್ತದೆಂಬುದಕ್ಕೆ ನಾವು ದೂರ ಹುಡುಕಬೇಕಾಗಿಲ್ಲ. ರಾಜ್ಯ ಸರಕಾರವೂ ಹರಿಹರ ಪಾಲಿಫೈಬರ್ಸ್ ಗಿರಣಿಯೂ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ತೆಗೆದವು. ನೀಲಗಿರಿ ಬೆಳೆಯಲು ಅದಕ್ಕೆ 30,000 ಹೆಕ್ಟೇರು ನೆಲ ಕೊಡುವ ಯೋಜನೆಯಾಯಿತು. ಸರಕಾರದ ದಫ್ತರದಲ್ಲಿ ಅದು ಪಾಳು ನೆಲ. ಹಳ್ಳಿಗರಿಗೆ ಅದು ದನದ ಮೇವು, ಒಲೆಯ ಕಟ್ಟಿಗೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಶಿವರಾಮ ಕಾರಂತರೊಡನೆ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ತಡೆಯಾಜ್ಞೆ ತಂದರು. ಅದೇ ವರ್ಷ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಇಂದು ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗದ ಗಿಡಗಳನ್ನು ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದು ಅದು ಹೆಸರಾಯಿತು. 1991ರಲ್ಲಿ ಕಂಪನಿಯನ್ನೇ ಮುಚ್ಚಲಾಯಿತು.

ಗಿರಣಿಗೆ ಕಚ್ಚಾ ಮಾಲು ಬಾರದಿದ್ದರೆ ಕೆಲಸಗಾರನ ಗತಿ ಏನೆಂದು ನಮ್ಮ ಗಿರಣಿ ಬಂಧುಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಗಿರಣಿಗೆ ಮಾಲು ಬೇಕು. ಆದರೆ ಅದರ ಬೆಲೆಯನ್ನು ಮಾಲಕ ಕೊಡಬೇಕೇ ಹೊರತು ಹಳ್ಳಿಯ ಬಡವನ ಎಮ್ಮೆ ಕೊಡಬಾರದು. ಊರಲ್ಲಿ ಬಿಟ್ಟುಬಂದ ಅಣ್ಣತಮ್ಮಂದಿರ ಮೇವಿನ ನೆಲ ಕಸಿದು ನಡೆಸುವ ಗಿರಣಿ, ನಾಳೆ ಕೆಲಸಗಾರನ ಕೂಲಿಯನ್ನು ಕಸಿಯಲು ಹಿಂಜರಿಯುತ್ತದೆಯೆ?

ಆದ್ದರಿಂದ ಓಣಿಯ ಸಂಘಗಳಿಗೆ ನಮ್ಮ ಸೂಚನೆ ಮೂರು. ಮೊದಲನೆಯದು, ಯಾರು ಒತ್ತಿದರೆಂಬ ಜಗಳಕ್ಕೆ ಮುಂಚೆ ಎಲ್ಲರ ಎದುರಿನಲ್ಲಿ ಮೋಜಣಿಯಾಗಲಿ. ಹಳೆಯ ನಕಾಶೆ, ಉತಾರಗಳನ್ನು ತೆಗೆಸಿ ದಾರಿ ಎಷ್ಟು, ಬಯಲು ಎಷ್ಟು ಎಂದು ಬರೆದು ಗುಡಿಯ ಗೋಡೆಗೋ ಶಾಲೆಯ ಗೋಡೆಗೋ ಹಚ್ಚಲಿ. ಎರಡನೆಯದು, ಬಾಡಿಗೆಯವರೂ ಬೀದಿ ವ್ಯಾಪಾರಿಗಳೂ ಸಭೆಯಲ್ಲಿ ಕೂಡಲಿ, ಕೈ ಎತ್ತಲಿ. ಮೂರನೆಯದು, ತೆರವು ದೊಡ್ಡವರ ಬೇಲಿಯಿಂದ ಆರಂಭವಾಗಲಿ. ಅಧ್ಯಕ್ಷರ ಕಟ್ಟೆ ಮೊದಲು ಹಿಂದೆ ಸರಿದರೆ ಉಳಿದವರ ಮೆಟ್ಟಿಲು ತಾನಾಗಿಯೇ ಸರಿಯುತ್ತದೆ.

ದಾರಿಯನ್ನು ನಮ್ಮ ಹಿರಿಯರು ಬಿಟ್ಟುಹೋದರು, ಬರೆಸಿಕೊಂಡು ಹೋಗಲಿಲ್ಲ. ನಾವೂ ಬಿಟ್ಟುಹೋಗತಕ್ಕವರೇ. ಮೊಳದ ಜಗಳವನ್ನು ಪಂಚರ ಮುಂದೆ ತೀರಿಸಿಕೊಂಡು, ಎಕರೆಯ ಹೋರಾಟಕ್ಕೆ ಓಣಿಯೆಲ್ಲ ಒಂದಾಗಿ ನಿಲ್ಲಲಿ.