ನಕಾಶೆಯಲ್ಲಿಲ್ಲದ ದಾರಿ ದಾರಿಯಲ್ಲವೇ?

ನಿಮ್ಮ ಮನೆಯ ಸುತ್ತಲಿನ ರಸ್ತೆಗಳನ್ನು ವರ್ಣಿಸಿರಿ ಎಂದು ಶಾಲೆಗಳಲ್ಲಿ ಮಕ್ಕಳಿಂದ ಪ್ರಬಂಧ ಬರೆಸುವುದುಂಟು. ಪೇಟೆಯ ಮಗುವಿಗೆ ಇದು ಸುಲಭ. ಡಾಂಬರು, ಹಂಪ್, ಸಿಗ್ನಲ್, ಬೀದಿದೀಪ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿರುವ ಮಗು ಏನು ಬರೆಯಬೇಕು? ಅಜ್ಜ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಜಾಡನ್ನೇ? ಅಜ್ಜಿ ಸೌದೆ ಹೊತ್ತು ಬರುತ್ತಿದ್ದ ಕಾಲುದಾರಿಯನ್ನೇ? ಅದನ್ನು ಬರೆದರೆ ಇದು ರಸ್ತೆಯೇ ಅಲ್ಲ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ನಮ್ಮನ್ನಾಳುವವರೂ ಅದನ್ನೇ ಹೇಳುತ್ತಾ ಬಂದಿದ್ದಾರೆ.

ಕಾವಲು ಎಂದರೆ ಬರೀ ಹುಲ್ಲುಗಾವಲಲ್ಲ, ಅದು ದನಗಳು ನಡೆದಾಡುವ ನೆಲ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ್. ಸೈನ್ಯದ ಫಿರಂಗಿ ಎಳೆಯುವ ಎತ್ತುಗಳ ತಳಿ ಅದು. 1799ರ ನಂತರ ಇಂಗ್ಲಿಷರಿಗೂ ಅವು ಬೇಕಾದವು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ನಡೆಯುವುದೇ ಈ ವ್ಯವಸ್ಥೆಯ ಜೀವ. ಅರಸರು ಹೋದರು, ಫಿರಂಗಿಗಳು ಹೋದವು. ಆದರೆ ಕುರುಬರ ಕುರಿಗಳು, ಮ್ಯಾಸನಾಯಕರ ದೇವರ ಎತ್ತುಗಳು, ಲಂಬಾಣಿಗರ ದನಗಳು ನಡೆಯುವುದನ್ನು ಬಿಡಲಿಲ್ಲ. ಚಳ್ಳಕೆರೆಯ ಕಂಬಳಿಯ ಉಣ್ಣೆ ಬೆಳೆದದ್ದು ಇಂಥ ಜಾಡುಗಳ ಮೇಲೆಯೇ.

2007ರಿಂದ 2010ರ ನಡುವೆ ಈ ನೆಲ ಹಂಚಿಹೋಯಿತು. ವರವು ಕಾವಲಿನಲ್ಲಿ 4,290 ಎಕರೆ ಡಿಆರ್‌ಡಿಒಗೆ, ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಖುದಾಪುರದ ಕಡೆ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ, 573 ಎಕರೆ ಇಸ್ರೋಗೆ. ನಂತರ ಗೋಡೆಗಳು ಎದ್ದವು. ಊರಿನವರಿಗೆ ನೆಲ ಕೈತಪ್ಪಿದ ಸುದ್ದಿ ಮುಟ್ಟಿಸಿದ್ದು ಗ್ರಾಮಸಭೆಯಲ್ಲ, ಗೋಡೆಯ ಪಾಯ.

ಇದು ಸರ್ಕಾರಿ ಜಮೀನು, ಖಾಲಿ ಬಿದ್ದಿತ್ತು ಎಂಬುದು ಸಿದ್ಧ ಉತ್ತರ. ಖಾಲಿ ಎಂದವರು ಯಾರು? ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೂ ಕಾಲುದಾರಿಗೂ ಗುರುತುಗಳಿವೆ. ಪಹಣಿಯಲ್ಲಿ ದಾರಿ, ಹಳ್ಳ, ಸ್ಮಶಾನಗಳಿಗೆ 'ಬಿ' ಖರಾಬು ಎಂಬ ಕಲಮಿದೆ. ಒಬ್ಬ ರೈತ ತನ್ನ ಹೊಲದಲ್ಲಿ ನಕಾಶೆ ಕಂಡ ದಾರಿಯನ್ನು ಅರ್ಧ ಗಜ ಒತ್ತಿದರೆ ತಹಶೀಲ್ದಾರರು ಜೆಸಿಬಿ ತರಿಸಿ ತೆರವು ಮಾಡಿಸುತ್ತಾರೆ. ಅದು ಸರಿಯೇ. ಆದರೆ ಕುರಿ ಕಾಲಿನಿಂದ ಆದ ದಾರಿಗೆ ನಕಾಶೆಯಲ್ಲಿ ಗೆರೆಯಿಲ್ಲ. ಗೆರೆಯಿಲ್ಲವಾದ್ದರಿಂದ ದಾರಿಯಿಲ್ಲ, ದಾರಿಯಿಲ್ಲವಾದ್ದರಿಂದ ಜನರಿಲ್ಲ, ಜನರಿಲ್ಲವಾದ್ದರಿಂದ ಕೇಳಬೇಕಾದ ಅಗತ್ಯವೂ ಇಲ್ಲ! ಈ ಲೆಕ್ಕಕ್ಕೆ ನಾವು ಸಮ್ಮತಿಸಲಾರೆವು.

ವಿಜ್ಞಾನಕ್ಕೆ ನಾವು ವಿರೋಧಿಗಳಲ್ಲ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ವಾಹನ ಇದೇ ಚಳ್ಳಕೆರೆಯ ರನ್‌ವೇಯಲ್ಲಿ ತಾನಾಗಿಯೇ ಇಳಿದಾಗ ನಾವೂ ಹೆಮ್ಮೆಪಟ್ಟೆವು. ಆದರೆ ಒಂದು ಮಾತು ಕೇಳಬಾರದೇ? ಆಕಾಶದಿಂದ ಇಳಿಯುವ ಯಂತ್ರಕ್ಕೆ ದಾರಿ ಮಾಡಿಕೊಡುವಾಗ, ನೆಲದ ಮೇಲೆ ನಡೆಯುವ ಕುರಿಗಾಹಿಗೆ ಬದಲಿ ದಾರಿ ಎಲ್ಲಿ ಎಂದು ಯೋಚಿಸುವುದು ಅಷ್ಟು ಕಷ್ಟವಾಗಿತ್ತೇ? ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಈ ಪ್ರಕರಣದಲ್ಲಿ 2014ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಅಷ್ಟರಲ್ಲಿ ಗೋಡೆ ನಿಂತಾಗಿತ್ತು. ನ್ಯಾಯ ತಡವಾಗಿ ಬಂದಾಗ ಗೋಡೆಗೇ ಗೆಲುವು.

ಇಸ್ಲಾಮಿನಲ್ಲಿ ದಾರಿಗೂ ಹಕ್ಕಿದೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಪ್ರವಾದಿಯವರು(ಸ) ಈಮಾನಿನ ಶಾಖೆಗಳಲ್ಲೊಂದಾಗಿ ಎಣಿಸಿದರು. ನೀರು, ಹುಲ್ಲು, ಬೆಂಕಿಯಲ್ಲಿ ಎಲ್ಲರೂ ಪಾಲುದಾರರೆಂದು ಕಲಿಸಿದರು. ಇದನ್ನು ಮುಸ್ಲಿಮರಿಗಷ್ಟೇ ಸೇರಿದ ಮಾತೆಂದು ತಿಳಿಯಬೇಕಿಲ್ಲ. ಹುಲ್ಲು ಹಂಚಿಕೊಂಡು ಬಾಳಿದ ಬಯಲುಸೀಮೆಯ ಹಟ್ಟಿಗಳಿಗೆ ಈ ನೀತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಳ್ಳಿನ ಕೊಂಬೆ ಸರಿಸುವುದೇ ಪುಣ್ಯವಾದರೆ, ಕೇಳದೆ ಹೇಳದೆ ದಾರಿಗೆ ಗೋಡೆ ಕಟ್ಟುವುದು ಏನಾದೀತು?

ನಾವು ಕೇಳುವುದು ಇಷ್ಟೇ. ಉಳಿದಿರುವ ಕಾವಲುಗಳಲ್ಲಿ ಅಧಿಕಾರಿಗಳು ಜೀಪಿನಿಂದಿಳಿದು ಕುರಿಗಾಹಿಗಳ ಜೊತೆ ನಡೆಯಲಿ. ಜಾಡುಗಳನ್ನು ನಕಾಶೆಗೆ ಏರಿಸಲಿ. ಗೋಡೆ ಕಟ್ಟಿದ ಕಡೆ ಹೊರಸುತ್ತಿನಲ್ಲಿ ದನಗಳು ನಡೆಯುವಷ್ಟು ಅಗಲದ ದಾರಿ ಬಿಡಿಸಲಿ. ಇನ್ನು ಮುಂದೆ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ನೆಡದಿರಲಿ. ರಸ್ತೆ ಅಗಲ ಮಾಡುವುದನ್ನೇ ಅಭಿವೃದ್ಧಿ ಎನ್ನುವ ಸರ್ಕಾರಕ್ಕೆ, ಇದ್ದ ದಾರಿ ಉಳಿಸುವುದು ಭಾರವಾಗಬಾರದು.